ಆರೋಗ್ಯದ ಸಭೆಗೆ ಗಂಡಸರೇ ಬರುತ್ತಿಲ್ಲ, ಏನು ಮಾಡೋಣ?

ಸಂಚಾರಿ:
ಆಸ್ಪತ್ರೆ ದೂರ ಇರುವ, ಬಸ್ಸು ಸರಿಯಾಗಿ ಬರದ ಹಳ್ಳಿಗಳಲ್ಲಿ ಆರೋಗ್ಯದ ತಿಳಿವಳಿಕೆ ಕೊಡುವ ಸಣ್ಣ ತಂಡ ನಮ್ಮದು. ಡಾಕ್ಟರು ಯಾರೂ ಇಲ್ಲ. ಒಬ್ಬರು ನರ್ಸ್ ಬಿಡುವಿದ್ದಾಗ ಬರುತ್ತಾರೆ. ಸಭೆ ಕರೆದರೆ ಹೆಂಗಸರು ಬರುತ್ತಾರೆ, ಮಕ್ಕಳು ಬರುತ್ತಾರೆ. ಗಂಡಸರು ಬರುವುದು ಕುರ್ಚಿ ಹಾಕುವುದಕ್ಕೆ, ಆಮೇಲೆ ಕುರ್ಚಿ ಎತ್ತಿಡುವುದಕ್ಕೆ. ನಡುವೆ ಮಾಯ.

ಈಗ ಗಂಡಸರಿಗೇ ಅಂತ ಬೇರೆ ಕಾರ್ಯಕ್ರಮ ಮಾಡುವ ಯೋಚನೆ ಇದೆ. ಎರಡು ಪ್ರಶ್ನೆ. ಅವರನ್ನು ಹೇಗೆ ಕರೆತರುವುದು? ಬಂದರೂ ಅರ್ಧ ಗಂಟೆಗಿಂತ ಜಾಸ್ತಿ ಕೂರುವುದಿಲ್ಲ. ಅಷ್ಟರಲ್ಲಿ ಯಾವುದನ್ನು ಹೇಳುವುದು, ಯಾವುದನ್ನು ಬಿಡುವುದು? ಅನುಭವ ಇದ್ದವರು ಹೇಳಿ. "ಜಾಗೃತಿ ಮೂಡಿಸಬೇಕು" ಅನ್ನುವ ಸಲಹೆ ಮಾತ್ರ ಬೇಡ. ಅದನ್ನು ಬ್ಯಾನರಿನ ಮೇಲೆ ಬರೆಸಿ ಆಗಿದೆ.

ಲೆಕ್ಕಪುಸ್ತಕ:
"ಗಂಡಸರಿಗೆ ಆರೋಗ್ಯದ ಬಗ್ಗೆ ಕಾಳಜಿ ಇಲ್ಲ" ಅಂತ ಶುರು ಮಾಡಬೇಡಿ ಸರ್. ವ್ಯವಸ್ಥೆ ಹೇಗಿದೆ ನೋಡಿ. ಹೆಣ್ಣುಮಗಳಿಗೆ ಬಸುರಿಯಾದಾಗಿನಿಂದ ಆರೋಗ್ಯ ಕೇಂದ್ರದ ನಂಟು ಬೆಳೆಯುತ್ತದೆ. ತಪಾಸಣೆ, ಹೆರಿಗೆ, ಮಗುವಿನ ಲಸಿಕೆ ಅಂತ ವರ್ಷಗಟ್ಟಲೆ ಹೋಗಿಬರಲು ಕಾರಣ ಇರುತ್ತದೆ. ಗಂಡುಮಗನಿಗೆ ಬಾಲ್ಯದ ಲಸಿಕೆ ಮುಗಿದ ಮೇಲೆ ಯಾರೂ ಬಾ ಎನ್ನುವುದಿಲ್ಲ. ಮತ್ತೆ ಅವನು ಅಲ್ಲಿ ಕಾಣಿಸುವುದು ಕೈಕಾಲು ಮುರಿದಾಗ, ಇಲ್ಲವೇ ಎದೆ ಹಿಡಿದುಕೊಂಡು. ಕೇಂದ್ರದ ಬಾಗಿಲು ತೆರೆಯುವ ಹೊತ್ತು, ಅವನು ಕೆಲಸಕ್ಕೆ ಹೋಗುವ ಹೊತ್ತು ಎರಡೂ ಒಂದೇ. ಕೂಲಿ ಮಾಡುವವನಿಗೆ ಒಂದು ತಪಾಸಣೆ ಅಂದರೆ ಒಂದು ದಿನದ ದುಡಿಮೆ ಹೋಯಿತು ಅಂತಲೇ ಅರ್ಥ.

ಇದರ ಫಲ ಅಂಕಿಗಳಲ್ಲಿ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಲೆಕ್ಕದಲ್ಲಿ ಜಗತ್ತಿನ ಗಂಡಸರ ಸರಾಸರಿ ಆಯಸ್ಸು ಹೆಂಗಸರಿಗಿಂತ ಸುಮಾರು 5 ವರ್ಷ ಕಡಿಮೆ. 2023ರಲ್ಲಿ ಕ್ಷಯ ಬಂದವರಲ್ಲಿ 55% ವಯಸ್ಕ ಗಂಡಸರು, 33% ಹೆಂಗಸರು, ಉಳಿದವರು ಮಕ್ಕಳು. ಕಾಯಿಲೆ ಇದ್ದೂ ಪತ್ತೆಯಾಗದೆ ಓಡಾಡುವವರಲ್ಲೂ ಗಂಡಸರೇ ಮುಂದೆ. ಕೆಮ್ಮು ಎರಡು ವಾರ ದಾಟಿದರೂ "ಸಿಗರೇಟಿನ ಕೆಮ್ಮು, ಹೋಗುತ್ತೆ" ಅಂತ ಸುಮ್ನೆ ಇರುತ್ತಾರೆ. ಕಫ ಪರೀಕ್ಷೆಗೆ ಬರುವ ಹೊತ್ತಿಗೆ ಮನೆಯವರಿಗೂ ಅಂಟಿರುತ್ತದೆ.

ಕಾಂಪೌಂಡರ್:
ಸಭೆ ಕರೆಯುವುದನ್ನೇ ಬಿಡಿ. ಅವರು ಈಗಾಗಲೇ ಎಲ್ಲಿ ಸೇರುತ್ತಾರೋ ಅಲ್ಲಿಗೆ ನೀವು ಹೋಗಿ.

ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಹಳ್ಳಿಯದಲ್ಲ, ಲಾಸ್ ಏಂಜಲೀಸ್ ನಗರದ್ದು. ಆದರೂ ಪಾಠ ನಮಗೆ ಹೊಂದುತ್ತದೆ. ಅಲ್ಲಿ ಕಪ್ಪು ಜನಾಂಗದ ಗಂಡಸರಲ್ಲಿ ಬಿಪಿ ಜಾಸ್ತಿ, ಡಾಕ್ಟರ ಬಳಿ ಹೋಗುವುದು ಕಡಿಮೆ. ಆದರೆ ಕ್ಷೌರಕ್ಕೆ ತಪ್ಪದೆ ಹೋಗುತ್ತಾರೆ, ಅದೂ ವರ್ಷಾನುಗಟ್ಟಲೆ ಒಬ್ಬನ ಹತ್ತಿರವೇ. ರೊನಾಲ್ಡ್ ವಿಕ್ಟರ್ ಎಂಬ ವೈದ್ಯರ ತಂಡ 52 ಕ್ಷೌರದಂಗಡಿಗಳಲ್ಲಿ 319 ಜನರ ಮೇಲೆ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿತು. ಕೆಲವು ಅಂಗಡಿಗಳಲ್ಲಿ ಕ್ಷೌರಿಕರು "ಡಾಕ್ಟರಿಗೆ ತೋರಿಸಿ, ಜೀವನ ಶೈಲಿ ಬದಲಿಸಿ" ಎಂದು ಬುದ್ಧಿ ಹೇಳಿದರು. ಉಳಿದ ಅಂಗಡಿಗಳಿಗೆ ಔಷಧ ತಜ್ಞರೇ ಬಂದು, ವೈದ್ಯರ ಒಪ್ಪಿಗೆಯ ಮೇಲೆ ಅಲ್ಲಿಯೇ ಬಿಪಿ ನೋಡಿ ಔಷಧಿ ಬರೆದುಕೊಟ್ಟರು. ಆರು ತಿಂಗಳಲ್ಲಿ ಬುದ್ಧಿಮಾತು ಕೇಳಿದವರ ಬಿಪಿಯ ಮೇಲಿನ ಅಂಕಿ ಸರಾಸರಿ 9 ಅಂಕ ಇಳಿಯಿತು. ಅಲ್ಲಿಯೇ ಔಷಧಿ ಸಿಕ್ಕವರದ್ದು 27 ಅಂಕ.

ಎಲ್ಲರೂ ಈ ಕಥೆಯನ್ನು "ಕ್ಷೌರದಂಗಡಿಯಲ್ಲಿ ಆರೋಗ್ಯ ಶಿಕ್ಷಣ" ಅಂತ ಹೇಳುತ್ತಾರೆ. ನನಗೆ ಕಾಣುವುದು ಬೇರೆ. ಎರಡೂ ಗುಂಪಿಗೆ ಮಾತು ಸಿಕ್ಕಿತ್ತು. ವ್ಯತ್ಯಾಸ ಮಾಡಿದ್ದು ಮಾತಿನ ಜೊತೆಗೆ ಔಷಧಿಯೂ ಕುರ್ಚಿಯ ಹತ್ತಿರ ಬಂದದ್ದು. ನಿಮ್ಮ ಹತ್ತಿರ ಹೇಳುವುದಕ್ಕೆ ಮಾತ್ರ ಇದ್ದು, ಕೊಡುವುದಕ್ಕೆ ಏನೂ ಇಲ್ಲದಿದ್ದರೆ ಅದನ್ನು ಮೊದಲು ಸರಿಮಾಡಿಕೊಳ್ಳಿ.

ನೈಟ್‌ಡ್ಯೂಟಿ:
ಕಾಂಪೌಂಡರ್ ಸರ್ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ನಾನು ನರ್ಸ್. ಗಂಡಸರ ಜೊತೆ ಮಾತು ಶುರು ಮಾಡಲು ಬಿಪಿ ಮೆಷಿನ್‌ನಷ್ಟು ಒಳ್ಳೆಯ ನೆಪ ಇನ್ನೊಂದಿಲ್ಲ. ಬಟ್ಟೆ ಬಿಚ್ಚಬೇಕಿಲ್ಲ, ಸೂಜಿ ಇಲ್ಲ, ನಾಚಿಕೆ ಇಲ್ಲ. ಒಬ್ಬರು ತೋಳು ಚಾಚಿದರೆ "ನಿಂದೆಷ್ಟು, ನಂದೆಷ್ಟು" ಅಂತ ಉಳಿದವರೂ ಸಾಲು ನಿಲ್ಲುತ್ತಾರೆ. 2019ರಲ್ಲಿ ಜಗತ್ತಿನಲ್ಲಿ 30ರಿಂದ 79 ವಯಸ್ಸಿನವರಲ್ಲಿ ಸುಮಾರು 128 ಕೋಟಿ ಜನರಿಗೆ ಬಿಪಿ ಇತ್ತು, ಅವರಲ್ಲಿ ಹತ್ತಿರ ಹತ್ತಿರ ಅರ್ಧ ಜನರಿಗೆ ಅದು ಗೊತ್ತೇ ಇರಲಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಲೆನೋವು ಬಂದರೆ ಮಾತ್ರ ಬಿಪಿ ಅಂತ ನಂಬಿರುವವರು ತುಂಬಾ ಜನ. ನೋವಿಲ್ಲದೇ ಇರುತ್ತದೆ, ಅದೇ ಅದರ ಕಷ್ಟ.

ಆದರೆ ದಯವಿಟ್ಟು ಸರಿಯಾಗಿ ನೋಡಿ. ಶಿಬಿರಗಳಲ್ಲಿ ನೋಡುವ ರೀತಿ ಕಂಡರೆ ನನಗೆ ಸಿಟ್ಟು ಬರುತ್ತದೆ. ಹೊಲದಿಂದ ನಡೆದು ಬಂದವನನ್ನು ನಿಲ್ಲಿಸಿಕೊಂಡು, ಅಂಗಿಯ ತೋಳಿನ ಮೇಲೆ ಪಟ್ಟಿ ಸುತ್ತಿ, ಮಾತಾಡಿಸುತ್ತಾ ಒಂದು ಸಲ ಒತ್ತಿ, "150, ಬಿಪಿ ಇದೆ ನಿಮಗೆ" ಅಂದುಬಿಡುತ್ತಾರೆ. ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲು ಹಾಕಬಾರದು. ತೋಳು ಬರಿದಾಗಿ, ಎದೆಯ ಮಟ್ಟಕ್ಕೆ ಇರಬೇಕು. ಹಿಂದಿನ ಅರ್ಧ ಗಂಟೆಯಲ್ಲಿ ತಂಬಾಕು, ಕಾಫಿ ಆಗಿರಬಾರದು. ಮೂತ್ರ ಕಟ್ಟಿಕೊಂಡಿರಬಾರದು. ಎರಡು ಸಲ ನೋಡಬೇಕು, ನೋಡುವಾಗ ಇಬ್ಬರೂ ಮಾತಾಡಬಾರದು. ಮೇಲಿನದು 140 ಅಥವಾ ಕೆಳಗಿನದು 90 ಇದ್ದರೆ ಇನ್ನೊಂದು ದಿನ ಮತ್ತೆ ನೋಡಬೇಕು. ಆಗಲೂ ಅಷ್ಟೇ ಬಂದರೆ ಮಾತ್ರ ಬಿಪಿ ಅನ್ನುವುದು.

ಇನ್ನು ಆ ಐದು ನಿಮಿಷ ಇದೆಯಲ್ಲ, ಅವನು ಸುಮ್ಮನೆ ಕೂರುವುದು, ನೀವು ಹೇಳಬೇಕಾದದ್ದನ್ನು ಹೇಳುವುದು ಆಗಲೇ.

ಗದ್ದೆಬದು:
ಎಲ್ಲರೂ ಓದಿದವರು, ಬಿಪಿ ಬಿಪಿ ಅಂತಿದ್ದೀರಿ. ಒಬ್ಬ ರೈತನ ಮಾತನ್ನೂ ಕೇಳಿ.

ನಮ್ಮ ಹತ್ತಿರ ಬಂದು "ಹತ್ತು ವರ್ಷದ ಮೇಲೆ ಹೃದಯಕ್ಕೆ ತೊಂದರೆ ಆಗಬಹುದು" ಅಂದರೆ ನಾನೇ ಎದ್ದು ಹೋಗುತ್ತೇನೆ. ಹತ್ತು ವರ್ಷದ ಮಾತು ಯಾರಿಗೆ ಬೇಕು, ಮುಂದಿನ ಬೆಳೆಯದ್ದೇ ಗ್ಯಾರಂಟಿ ಇಲ್ಲ. ನಮ್ಮನ್ನು ಈ ವಾರ ಕಾಡುವುದು ಏನು ಅಂತ ಕೇಳಿ. ಔಷಧಿ ಹೊಡೆದು ಬಂದ ರಾತ್ರಿ ತಲೆ ಸುತ್ತು. ಸೊಂಟ. ಬಿಸಿಲು. ಕತ್ತಲಲ್ಲಿ ನೀರು ಕಟ್ಟಲು ಹೋದಾಗ ಹಾವು. ಅದನ್ನು ಎತ್ತಿ ನೋಡಿ, ಜನ ಕೂರುತ್ತಾರೋ ಇಲ್ಲವೋ. ಅದರ ಬೆನ್ನಿಗೆ ನಿಮ್ಮ ಬಿಪಿ, ಶುಗರ್ ಏನು ಬೇಕಾದರೂ ಹೇಳಿಕೊಳ್ಳಿ.

ಇನ್ನೊಂದು. ಬಂದವರು ನಮ್ಮನ್ನು ಮಕ್ಕಳ ತರಹ ಮಾತಾಡಿಸಬಾರದು. "ಕೈ ತೊಳೆಯಬೇಕು, ಆಯ್ತಾ?" ಅಂತ ರಾಗ ಎಳೆದರೆ ಮುಗಿಯಿತು.

ಸಂಚಾರಿ:
ಗದ್ದೆಬದು ಅಣ್ಣ, ಇದು ಸರಿಯಾದ ಮಾತು. ನಮ್ಮ ಪಟ್ಟಿಯಲ್ಲಿ ಹಾವು ಇರಲೇ ಇಲ್ಲ, ಕೀಟನಾಶಕವೂ ಇರಲಿಲ್ಲ. ಯಾರಾದರೂ ಇವೆರಡರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೀರಾ? ಹಳ್ಳಿಯಲ್ಲಿ ನಿಂತು ಹೇಳಿದರೆ ಅರ್ಥವಾಗುವ ಹಾಗೆ.

ಕಾಂಪೌಂಡರ್:
ಹಾವಿನದು ಮೊದಲು. ಪ್ರತಿ ವರ್ಷ ಜಗತ್ತಿನಲ್ಲಿ ಹಾವು ಕಚ್ಚಿ ಸಾಯುವವರು 81,000ದಿಂದ 1,38,000 ಜನ ಎಂದು ಅಂದಾಜು. ಬಹುಪಾಲು ಹೊಲದಲ್ಲಿ ದುಡಿಯುವ ಬಡವರು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಿರ್ಲಕ್ಷ್ಯಕ್ಕೆ ಒಳಗಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದ್ದು 2017ರಲ್ಲಿ. ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಬಾಯಿ ಹಾಕಿ ಹೀರಬಾರದು. ಉಂಗುರ, ವಾಚು ತೆಗೆಯಬೇಕು, ಊತ ಬಂದರೆ ಆಮೇಲೆ ತೆಗೆಯಲು ಆಗುವುದಿಲ್ಲ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು, ನಡೆಸದೆ, ಹೊತ್ತುಕೊಂಡು ಹೋಗಬೇಕು. ಹಾವನ್ನು ಹುಡುಕಿ ಕೊಲ್ಲುವುದರಲ್ಲಿ ಹೊತ್ತು ಕಳೆಯಬಾರದು. ವಿಷಕ್ಕೆ ಇರುವ ಮದ್ದು ಒಂದೇ, ವಿಷನಿರೋಧಕ ಚುಚ್ಚುಮದ್ದು.

ಇಷ್ಟು ಎಲ್ಲ ಪೋಸ್ಟರುಗಳಲ್ಲೂ ಇರುತ್ತದೆ. ಪೋಸ್ಟರಿನಲ್ಲಿ ಇಲ್ಲದ್ದು ಯಾವುದು ಅಂದರೆ, ಆ ಚುಚ್ಚುಮದ್ದು ಯಾವ ಆಸ್ಪತ್ರೆಯಲ್ಲಿ ಇದೆ, ರಾತ್ರಿ ಎರಡು ಗಂಟೆಗೂ ಸಿಗುತ್ತದಾ, ಅಲ್ಲಿಗೆ ಯಾರ ಗಾಡಿಯಲ್ಲಿ ಹೋಗುವುದು. ಇದನ್ನು ನೀವು ಮೊದಲೇ ವಿಚಾರಿಸಿಕೊಂಡು ಹೋಗಿ, ಗಾಡಿ ಇರುವವರ ಹೆಸರು, ಫೋನ್ ನಂಬರ್ ಎಲ್ಲರ ಎದುರೇ ಬರೆಸಿ. ಹತ್ತು ಭಾಷಣಕ್ಕಿಂತ ಆ ಒಂದು ಹಾಳೆ ಮೇಲು.

ಕೀಟನಾಶಕ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಕು ಅನ್ನುವ ನಂಬಿಕೆ ಇದೆ. ಹೊಡೆಯುವವರ ಮೈಗೆ ವಿಷ ಸೇರುವುದು ಹೆಚ್ಚಾಗಿ ಚರ್ಮದಿಂದ. ಬೆರೆಸುವಾಗ ಕೈ, ಹೊಡೆಯುವಾಗ ತೊಡೆ ಮತ್ತು ಕಾಲು, ಟ್ಯಾಂಕ್ ಸೋರಿದರೆ ಬೆನ್ನು. ಬೆರೆಸುವ ಹೊತ್ತೇ ತುಂಬಾ ಅಪಾಯ, ಆಗ ಔಷಧಿ ಗಟ್ಟಿಯಾಗಿರುತ್ತದೆ. ಕೈಗವಸು ಒಂದನ್ನೇ ಕೊಳ್ಳಲು ಆಗುವುದಾದರೆ ಅದನ್ನು ಬೆರೆಸುವಾಗ ಹಾಕಿಕೊಳ್ಳಲಿ. ಹೊಡೆದು ಬಂದ ಬಟ್ಟೆಯನ್ನು ಮನೆಯವರ ಬಟ್ಟೆಯ ಜೊತೆ ನೆನೆಸಬಾರದು. ಒಗೆಯುವ ಹೆಂಡತಿಗೂ ಅದು ತಾಗುತ್ತದೆ. ಖಾಲಿ ಡಬ್ಬಕ್ಕೆ ತೂತು ಹೊಡೆದುಬಿಡಬೇಕು, ನೀರಿಗೆ ಬಳಸುವ ಹಾಗೇ ಇರಬಾರದು.

ಜೊಲ್ಲು, ಕಣ್ಣೀರು, ಬೆವರು ಒಟ್ಟಿಗೆ ಸುರಿಯುವುದು, ಮಾಂಸಖಂಡ ಅದುರುವುದು, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುವುದು, ಉಸಿರು ಕಟ್ಟುವುದು, ಇದು ಆರ್ಗನೋಫಾಸ್ಫೇಟ್ ಎಂಬ ಜಾತಿಯ ಕೀಟನಾಶಕದ ವಿಷ ಏರಿದ ಲಕ್ಷಣ. ಬಟ್ಟೆ ಕಳಚಿ, ಸೋಪು ನೀರಿನಲ್ಲಿ ಮೈ ತೊಳೆದು, ಔಷಧಿಯ ಲೇಬಲ್ ಜೊತೆಗಿಟ್ಟುಕೊಂಡು ಆಸ್ಪತ್ರೆಗೆ ಓಡಬೇಕು. ವಾಂತಿ ಮಾಡಿಸಬಾರದು. ಆ ವಿಷಕ್ಕೆ ಅಟ್ರೋಪಿನ್ ಎಂಬ ಪ್ರತಿವಿಷ ಇದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಮಾತ್ರ ಪ್ರತಿವಿಷವೇ ಇಲ್ಲ. ಡಬ್ಬದ ಹೆಸರು ನೋಡಿಕೊಳ್ಳಿ ಅನ್ನುವುದು ಇದಕ್ಕೇ.

ನೈಟ್‌ಡ್ಯೂಟಿ:
ಬಿಸಿಲಿನದು ನಾನು ಸೇರಿಸುತ್ತೇನೆ. ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಕಬ್ಬು ಕಡಿಯುವ ಹುಡುಗರಿಗೆ ಚಿಕ್ಕ ವಯಸ್ಸಿಗೇ ಮೂತ್ರಪಿಂಡ ಹಾಳಾಗುತ್ತಿತ್ತು. ಶುಗರ್ ಇಲ್ಲ, ಬಿಪಿ ಇಲ್ಲ, ಆದರೂ. ಬಿಸಿಲಿನಲ್ಲಿ ಬಿಡುವಿಲ್ಲದ ಭಾರಿ ದುಡಿಮೆ ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು ಎಂದು ಈಗ ನಂಬಲಾಗಿದೆ. ನಿಕರಾಗುವಾದ ಕಬ್ಬಿನ ಗದ್ದೆಯಲ್ಲಿ ನೀರು, ನೆರಳು, ಮಧ್ಯೆ ಮಧ್ಯೆ ವಿಶ್ರಾಂತಿ ಕೊಟ್ಟಾಗ ಕೆಲಸಗಾರರ ಮೂತ್ರಪಿಂಡಕ್ಕೆ ಆಗುವ ಪೆಟ್ಟು ಕಡಿಮೆಯಾದದ್ದು ಕಂಡಿದೆ. ಮೈಕೈ ನೋವಿಗೆ ಅಂತ ದಿನಾ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ನುಂಗಿ ಬಿಸಿಲಿಗೆ ಇಳಿಯುವವರಿಗೆ ಇದನ್ನು ಒತ್ತಿ ಹೇಳಿ. ನೀರು ಕಡಿಮೆ ಕುಡಿದು ಆ ಮಾತ್ರೆ ತೆಗೆದುಕೊಂಡರೆ ಮೂತ್ರಪಿಂಡಕ್ಕೆ ಎರಡು ಕಡೆಯಿಂದ ಏಟು.

ಹಿತ್ತಲಬಾಗಿಲು:
ಇಷ್ಟು ಹೊತ್ತು ಓದಿದೆ. "ಹೆಂಡತಿಗೆ ಹೇಳಿದರೆ ಗಂಡನಿಗೆ ತಲುಪುತ್ತದೆ" ಅಂತ ಯಾರಾದರೂ ಈಗ ಹೇಳೇ ಹೇಳುತ್ತೀರಿ, ಅದಕ್ಕೆ ಮೊದಲೇ ಬರೆಯುತ್ತಿದ್ದೇನೆ. ಬೇಡ. ಮಕ್ಕಳ ಲಸಿಕೆ ನೆನಪಿಡುವುದು ನಾವು, ಅತ್ತೆಮಾವನ ಮಾತ್ರೆ ನೆನಪಿಡುವುದು ನಾವು. ಈಗ ಗಂಡನ ಬಿಪಿ ಪುಸ್ತಕವೂ ನಮ್ಮ ಕೈಗೆ. ಅವನು ಮಾತ್ರೆ ಬಿಟ್ಟರೆ "ನೀನು ನೋಡಿಕೊಳ್ಳಬಾರದಿತ್ತಾ" ಅಂತ ಬೈಸಿಕೊಳ್ಳುವುದೂ ನಾವೇ.

ಗಂಡಸರಿಗೆ ನೇರವಾಗಿ ಹೇಳಿ. ಅವರ ಮೈ ಬಗ್ಗೆ ಮಾತ್ರ ಹೇಳಿ ನಿಲ್ಲಿಸಬೇಡಿ, ಬಸುರಿ, ಬಾಣಂತಿ, ಮಗು ಇದರಲ್ಲಿ ಅವರ ಕೆಲಸ ಏನು ಅನ್ನುವುದನ್ನೂ ಹೇಳಿ. ನೈಜರ್ ದೇಶದ ಜಿಂಡರ್ ಪ್ರಾಂತ್ಯದಲ್ಲಿ "ಗಂಡಂದಿರ ಶಾಲೆ" ಅಂತ ನಡೆಯುತ್ತದೆ, ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ನೆರವಿನಲ್ಲಿ. ಹೆಸರು ಶಾಲೆ ಅಷ್ಟೇ, ಪಾಠ ಮಾಡುವ ಮೇಷ್ಟ್ರು ಇಲ್ಲ. ಹಳ್ಳಿಯ ಗಂಡಂದಿರೇ ಸೇರುತ್ತಾರೆ, ಹೆಂಗಸರು ಹೆರಿಗೆಗೆ ಯಾಕೆ ಕೇಂದ್ರಕ್ಕೆ ಹೋಗುತ್ತಿಲ್ಲ ಅಂತ ಹುಡುಕುತ್ತಾರೆ, ಕೈಲಾದದ್ದನ್ನು ತಾವೇ ಸರಿಮಾಡುತ್ತಾರೆ. ಸೂಲಗಿತ್ತಿ ನರ್ಸ್ ಉಳಿದುಕೊಳ್ಳಲು ಮನೆ ಇಲ್ಲ ಅಂತ ಕಂಡುಬಂದ ಕಡೆ ಮನೆಯನ್ನೇ ಕಟ್ಟಿಕೊಟ್ಟಿದ್ದಾರೆ. ಗಂಡಸರಿಗೆ ಕೆಲಸ ಕೊಡಿ, ಬರುತ್ತಾರೆ. ಕುರ್ಚಿ ಹಾಕಲು ಬರುತ್ತಾರೆ ಅಂತ ನೀವೇ ಬರೆದಿದ್ದೀರಲ್ಲ ಸಂಚಾರಿಯವರೇ, ಅದರಲ್ಲೇ ಉತ್ತರ ಇದೆ.

ಲೆಕ್ಕಪುಸ್ತಕ:
ಅಕ್ಕ ಹೇಳಿದ್ದು ನೂರಕ್ಕೆ ನೂರು. ಆದರೆ ಮನೆಯವರನ್ನು ಪೂರ್ತಿ ಹೊರಗಿಟ್ಟರೂ ಆಗುವುದಿಲ್ಲ. ಇದರಲ್ಲಿ ಫಿನ್ಲೆಂಡಿನ ಉತ್ತರ ಕರೇಲಿಯಾದ ಕಥೆ ನೆನಪಿಸಿಕೊಳ್ಳಬೇಕು.

ಕಾಡು, ಹೈನುಗಾರಿಕೆ, ಬಡತನ ಇದ್ದ ಪ್ರಾಂತ್ಯ ಅದು. 1970ರ ಆಸುಪಾಸಿನಲ್ಲಿ ಅಲ್ಲಿನ ದುಡಿಯುವ ವಯಸ್ಸಿನ ಗಂಡಸರು ಹೃದಯಾಘಾತದಿಂದ ಸಾಯುತ್ತಿದ್ದ ಪ್ರಮಾಣ ಜಗತ್ತಿನಲ್ಲೇ ತೀರಾ ಹೆಚ್ಚಿನದಾಗಿತ್ತು. ಅರ್ಧಕ್ಕಿಂತ ಜಾಸ್ತಿ ಗಂಡಸರು ಸಿಗರೇಟು ಸೇದುತ್ತಿದ್ದರು. ಬೆಣ್ಣೆ ಇಲ್ಲದ ಊಟವೇ ಇರಲಿಲ್ಲ. 1971ರಲ್ಲಿ ಅಲ್ಲಿನ ಜನರೇ ಸರ್ಕಾರಕ್ಕೆ ಅರ್ಜಿ ಕೊಟ್ಟರು, ಏನಾದರೂ ಮಾಡಿ ಅಂತ. 1972ರಲ್ಲಿ ಯೋಜನೆ ಶುರುವಾಯಿತು. ಪೆಕ್ಕಾ ಪುಸ್ಕಾ ಎಂಬ ತರುಣ ವೈದ್ಯ ಮುಂದೆ ನಿಂತ. ಆಸ್ಪತ್ರೆ ಕಟ್ಟಲಿಲ್ಲ. ಹಳ್ಳಿಯಲ್ಲಿ ನಾಲ್ಕು ಜನ ಯಾರ ಮಾತು ಕೇಳುತ್ತಾರೋ ಅಂಥವರನ್ನು ಹುಡುಕಿ ತರಬೇತಿ ಕೊಟ್ಟರು. ಗೃಹಿಣಿಯರ ಸಂಘದವರು ಸಂಜೆ ಹೊತ್ತು ಊಟದ ಕೂಟ ನಡೆಸಿ, ಅದೇ ಅಡುಗೆಯನ್ನು ಕೊಬ್ಬು, ಉಪ್ಪು ಕಡಿಮೆ ಮಾಡಿ ಬಡಿಸಿದರು. ಕೊಬ್ಬು ಕಡಿಮೆ ಮಾಡಲು ಸಾಸೇಜ್ ತಯಾರಕರ ಜೊತೆ ಮಾತಾಡಿದರು. ಮುಂದೆ ಯಾವ ಹಳ್ಳಿಯವರ ಕೊಲೆಸ್ಟರಾಲ್ ಜಾಸ್ತಿ ಇಳಿಯುತ್ತದೆ ಅಂತ ಹಳ್ಳಿ ಹಳ್ಳಿಗಳ ನಡುವೆ ಪಂದ್ಯ ಇಟ್ಟರು. ಗಂಡಸರಿಗೆ ಪಂದ್ಯ ಅಂದರೆ ಕೇಳಬೇಕಾ.

ಸುಮಾರು 40 ವರ್ಷದಲ್ಲಿ ಅಲ್ಲಿ ದುಡಿಯುವ ವಯಸ್ಸಿನ ಗಂಡಸರ ಹೃದಯಾಘಾತದ ಸಾವು 80%ಗಿಂತ ಜಾಸ್ತಿ ಇಳಿಯಿತು.

ಸುಮ್ನೆಒಬ್ಬ:
ಕರೇಲಿಯಾ ಕಥೆ ಪ್ರತಿ ಸಲ ಬರುತ್ತದೆ, ಅದಕ್ಕೆ ಸ್ವಲ್ಪ ನೀರು ಬೆರೆಸುತ್ತೇನೆ. ಹೃದಯಾಘಾತದ ಸಾವು ಫಿನ್ಲೆಂಡಿನ ಉಳಿದ ಭಾಗಗಳಲ್ಲೂ ಇಳಿಯಿತು. ಆ ದೇಶ 1976ರಲ್ಲಿ ತಂಬಾಕಿನ ಮೇಲೆ ಕಾನೂನು ತಂದಿತ್ತು. ಕಂಪನಿಗಳು ತಿಂಡಿಯ ಪದಾರ್ಥವನ್ನೇ ಬದಲಿಸಿದವು. ಅಂದರೆ ಮಾತು ಕೇಳಿ ಗಂಡಸರು ಬದಲಾದರು ಅನ್ನುವುದಕ್ಕಿಂತ, ಬದಲಾಗುವುದು ಸುಲಭವಾಯಿತು ಅನ್ನಬಹುದು.

ಇದಕ್ಕೆ ಇನ್ನೂ ಕಟುವಾದ ಸಾಕ್ಷಿ ಶ್ರೀಲಂಕಾದ್ದು. ಹಳ್ಳಿಗಳಲ್ಲಿ ಕೀಟನಾಶಕ ಸೇವಿಸಿ ಪ್ರಾಣ ಕಳೆದುಕೊಳ್ಳುವವರು ತುಂಬಾ ಇದ್ದರು. ಔಷಧಿಯನ್ನು ಬೀಗ ಹಾಕಿ ಇಡಲು ಮನೆಮನೆಗೆ ಪೆಟ್ಟಿಗೆ ಕೊಟ್ಟು, ಬಳಸಿ ಅಂತ ತಿಳಿಹೇಳಿ, 180 ಹಳ್ಳಿಗಳಲ್ಲಿ ದೊಡ್ಡ ಪ್ರಯೋಗ ಮಾಡಿದರು. ಅರ್ಧ ಹಳ್ಳಿಗಳಿಗೆ ಪೆಟ್ಟಿಗೆ, ಅರ್ಧಕ್ಕೆ ಇಲ್ಲ. 2017ರಲ್ಲಿ ಫಲಿತಾಂಶ ಬಂತು. ವ್ಯತ್ಯಾಸ ಏನೂ ಕಾಣಲಿಲ್ಲ. ಆದರೆ ಅದೇ ದೇಶ ತೀರಾ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಬಂದದ್ದರಿಂದ 1995ರಿಂದ 2015ರ ನಡುವೆ ಆತ್ಮಹತ್ಯೆಯ ಪ್ರಮಾಣ ಸುಮಾರು 70% ಇಳಿಯಿತು. ಇಳುವರಿಯೂ ಕುಸಿಯಲಿಲ್ಲ.

ಹಾಗಾಗಿ ಶಿಕ್ಷಣದಿಂದ ಎಲ್ಲ ಆಗುತ್ತದೆ ಅನ್ನುವ ಉತ್ಸಾಹ ಬೇಡ. ಗಂಡಸರಿಗೆ ಹೇಳಿ ಕೈತೊಳೆದುಕೊಂಡರೆ, ಆಮೇಲೆ ಸತ್ತವನನ್ನೇ "ಹೇಳಿದ್ದೆವು, ಕೇಳಲಿಲ್ಲ" ಅಂತ ದೂರುವುದಕ್ಕೆ ದಾರಿ ಆಗುತ್ತದೆ.

ನೈಟ್‌ಡ್ಯೂಟಿ:
ಸುಮ್ನೆಒಬ್ಬ ಅವರೇ, ಒಪ್ಪಿದೆ. ಆದರೆ ನಿಷೇಧ ಬರುವ ತನಕ ಸಂಚಾರಿಯವರು ಏನು ಮಾಡಬೇಕು? ಮನಸ್ಸಿನ ವಿಷಯವನ್ನು ಬಿಟ್ಟುಬಿಡಲು ಆಗುವುದಿಲ್ಲ. ಜಗತ್ತಿನಲ್ಲಿ ಗಂಡಸರ ಆತ್ಮಹತ್ಯೆಯ ಪ್ರಮಾಣ ಹೆಂಗಸರದ್ದಕ್ಕಿಂತ ಎರಡು ಪಟ್ಟಿಗೂ ಮೇಲಿದೆ. ಗಂಡಸು "ನನಗೆ ಬೇಜಾರಾಗಿದೆ" ಅಂತ ಬಂದು ಕೂರುವುದಿಲ್ಲ. ನಿದ್ದೆ ಇಲ್ಲ, ಮೈಕೈ ನೋವು, ಸುಮ್ಮಸುಮ್ಮನೆ ಸಿಟ್ಟು, ಕುಡಿತ ಜಾಸ್ತಿ, ಹೀಗೆ ಬರುತ್ತದೆ. "ಸಾಯುವ ಯೋಚನೆ ಬರುತ್ತಾ?" ಅಂತ ನೇರವಾಗಿ ಕೇಳಬಹುದು. ಕೇಳಿದರೆ ಆ ಯೋಚನೆ ತಲೆಗೆ ಹೊಗುತ್ತದೆ ಅನ್ನುವುದು ತಪ್ಪು ನಂಬಿಕೆ. ಹೌದು ಅಂದರೆ ಅವನನ್ನು ಒಂಟಿಯಾಗಿ ಬಿಡಬಾರದು, ಅವತ್ತೇ ವೈದ್ಯರಿಗೆ ಅಥವಾ ಸಹಾಯವಾಣಿಗೆ ಮುಟ್ಟಿಸಬೇಕು. ಮನೆಯಲ್ಲಿರುವ ಕೀಟನಾಶಕದ ಡಬ್ಬ ಅವನ ಕೈಗೆ ಸಿಗದ ಕಡೆ ಹೋಗಬೇಕು.

ಆಸ್ಟ್ರೇಲಿಯಾದಲ್ಲಿ 1990ರ ದಶಕದಿಂದ ಗಂಡಸರ ಶೆಡ್ ಅಂತ ಇವೆ. ಬಡಗಿ ಕೆಲಸ, ರಿಪೇರಿ ಕೆಲಸ ಮಾಡುತ್ತಾ ಅಕ್ಕಪಕ್ಕ ನಿಂತಿರುತ್ತಾರೆ. ಎದುರು ಬದುರು ಕೂತು ಆಡದ ಮಾತು ಅಲ್ಲಿ ತಾನಾಗಿ ಬರುತ್ತದೆ. ಹಿತ್ತಲಬಾಗಿಲು ಅಕ್ಕ ಹೇಳಿದ "ಕೆಲಸ ಕೊಡಿ" ಅನ್ನುವುದಕ್ಕೆ ಇದೂ ಸೇರುತ್ತದೆ.

ಇಪ್ಪತ್ತೈದು:
ನಾನು ಹುಡುಗ, ಹಿರಿಯರ ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮ ವಯಸ್ಸಿನವರಿಗೆ ಬೇಕಾದದ್ದು ನಿಮ್ಮ ಪಟ್ಟಿಯಲ್ಲಿ ಇನ್ನೂ ಬಂದೇ ಇಲ್ಲ. ಯಾರ ಮುಂದೆಯೂ ಕೇಳಲು ಆಗದ ಪ್ರಶ್ನೆಗಳು. ಅವುಗಳಿಗೆ ಈಗ ಉತ್ತರ ಕೊಡುತ್ತಿರುವುದು ಫೋನಿನಲ್ಲಿ ಬರುವ ಜಾಹೀರಾತು, ಗೋಡೆಯ ಮೇಲೆ ಅಂಟಿಸಿದ ಗುಪ್ತರೋಗದ ಪೋಸ್ಟರ್. ಚೀಟಿಯಲ್ಲಿ ಹೆಸರಿಲ್ಲದೆ ಬರೆದು ಡಬ್ಬಕ್ಕೆ ಹಾಕುವ ವ್ಯವಸ್ಥೆ ಮಾಡಿ. ಓದಿ ಉತ್ತರ ಹೇಳುವವರು ಗಂಡಸೇ ಆಗಿದ್ದರೆ ಒಳ್ಳೆಯದು, ಮತ್ತೆ ಆ ಊರಿನವರು ಆಗಿರಬಾರದು.

ಕಾಂಪೌಂಡರ್:
ಹುಡುಗ ಅಂದುಕೊಂಡು ಹಿಂಜರಿಯಬೇಡಪ್ಪಾ, ಒಳ್ಳೆಯ ಮಾತು. ನನ್ನ ಕೌಂಟರಿನಲ್ಲಿ ಎಲ್ಲರೂ ಹೋಗುವ ತನಕ ಕಾದು, ದನಿ ತಗ್ಗಿಸಿ ಕೇಳುತ್ತಿದ್ದ ಪ್ರಶ್ನೆಗಳೇ ಇವು. ಮೂರಕ್ಕೆ ಉತ್ತರ ಸಿದ್ಧ ಇಟ್ಟುಕೊಳ್ಳಿ.

ಒಂದು, ಶಿಶ್ನ ನಿಮಿರದ ತೊಂದರೆ. ನಡುವಯಸ್ಸಿನವರಲ್ಲಿ ಇದು ಕೆಲವು ಸಲ ರಕ್ತನಾಳದ ಕಾಯಿಲೆಯ ಮೊದಲ ಸುಳಿವು. ಅಲ್ಲಿನ ನಾಳ ಹೃದಯದ ನಾಳಕ್ಕಿಂತ ಸಣ್ಣದು, ಮೊದಲು ಕಟ್ಟುವುದು ಅದೇ. ಎದೆನೋವು ಬರುವುದಕ್ಕೆ ಕೆಲವು ವರ್ಷ ಮೊದಲೇ ಇದು ಕಾಣಿಸಿಕೊಳ್ಳಬಹುದು. ಶುಗರ್, ಬಿಪಿ, ತಂಬಾಕು ಮೂರೂ ಇದಕ್ಕೆ ಕಾರಣ. ಹತ್ತು ವರ್ಷದ ಮೇಲಿನ ಹೃದಯದ ಮಾತು ಬೇಡ ಅಂದರಲ್ಲ ಗದ್ದೆಬದು, ಈ ದಾರಿಯಲ್ಲಿ ಹೇಳಿದರೆ ಯಾರೂ ಎದ್ದು ಹೋಗುವುದಿಲ್ಲ! ಗುಟ್ಟಾಗಿ ಮಾರುವ ಮಾತ್ರೆ ನುಂಗಬೇಡಿ ಅಂತಲೂ ಹೇಳಿ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ನುಂಗಿದರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು.

ಎರಡು, ಗಂಡಸರ ಸಂತಾನಹರಣ ಚಿಕಿತ್ಸೆ. ಚಾಕು ಹಾಕದೆ ಸಣ್ಣ ರಂಧ್ರದಲ್ಲಿ ಮಾಡುವ ವಿಧಾನವನ್ನು ಚೀನಾದ ಲಿ ಶುನ್‌ಚಿಯಾಂಗ್ ಎಂಬ ವೈದ್ಯ 1974ರಲ್ಲಿ ರೂಪಿಸಿದರು. ಹೆಂಗಸರ ಆಪರೇಷನ್ನಿಗಿಂತ ಸುಲಭ, ಅಪಾಯ ಕಡಿಮೆ. ಗಂಡಸುತನಕ್ಕೂ, ದುಡಿಯುವ ಶಕ್ತಿಗೂ ಏನೂ ಆಗುವುದಿಲ್ಲ, ಹಾರ್ಮೋನ್ ಎಂದಿನಂತೆ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಮೂರು ತಿಂಗಳು ಬೇರೆ ಸಾಧನ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು. ಇದನ್ನು ಹೇಳದೆ ಬಿಟ್ಟರೆ ಆ ಮೂರು ತಿಂಗಳಲ್ಲಿ ಹೆಂಡತಿ ಬಸುರಿಯಾಗಿ, ಸಂಸಾರದಲ್ಲಿ ಅನುಮಾನದ ಬೆಂಕಿ ಬೀಳುತ್ತದೆ. ನಾನು ಕಂಡಿದ್ದೇನೆ.

ಮೂರು, ಹದಿಹರೆಯದ ಹುಡುಗನಿಗೆ ಒಮ್ಮೆಲೇ ಒಂದು ವೃಷಣದಲ್ಲಿ ತಡೆಯಲಾಗದ ನೋವು, ವಾಂತಿ. ಬೀಜ ತಿರುಚಿಕೊಂಡಿರಬಹುದು. ಸುಮಾರು ಆರು ಗಂಟೆಯೊಳಗೆ ಆಪರೇಷನ್ ಆಗದಿದ್ದರೆ ಉಳಿಸುವುದು ಕಷ್ಟ. ಹುಡುಗರು ನಾಚಿಕೆಯಿಂದ ಬೆಳಗಿನ ತನಕ ಹೇಳುವುದಿಲ್ಲ. ಅಪ್ಪಂದಿರಿಗೆ ಇದು ಗೊತ್ತಿರಬೇಕು.

ಹಿತ್ತಲಬಾಗಿಲು:
ಕುಡಿತದ ಬಗ್ಗೆ ಯಾರೂ ಮಾತಾಡಿಲ್ಲ, ಆಶ್ಚರ್ಯ. ಅಥವಾ ಆಶ್ಚರ್ಯ ಏನಿಲ್ಲ ಬಿಡಿ.

ನೈಟ್‌ಡ್ಯೂಟಿ:
ಹಿತ್ತಲಬಾಗಿಲು ಅಕ್ಕ, 😀. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ, ಅದು ಕಾರ್ಯಕ್ರಮಗಳಲ್ಲಿ ಯಾವಾಗಲೂ ತಪ್ಪಿಹೋಗುತ್ತದೆ. ವೇದಿಕೆ ಮೇಲೆ ಕರೆದು "ಇವತ್ತಿಂದಲೇ ಬಿಡ್ತೀನಿ" ಅಂತ ಪ್ರಮಾಣ ಮಾಡಿಸುತ್ತಾರಲ್ಲ, ಬೆಳಗ್ಗೆಯಿಂದಲೇ ಕುಡಿಯುವಷ್ಟು ಅಂಟಿಕೊಂಡವನಿಗೆ ಅದು ಅಪಾಯ. ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಬೆವರು, ಒಂದೆರಡು ದಿನದೊಳಗೆ ಫಿಟ್ಸ್, ಆಮೇಲೆ ಭ್ರಮೆ ಬರಬಹುದು. ಪ್ರಾಣವೂ ಹೋಗಬಹುದು. ಅಂಥವರು ವೈದ್ಯರ ಕಣ್ಣಳತೆಯಲ್ಲೇ ಬಿಡಬೇಕು. ತಂಬಾಕು ಹಾಗಲ್ಲ, ಒಂದೇ ಸಲ ಬಿಟ್ಟರೂ ಕಿರಿಕಿರಿ ಆಗುತ್ತದೆ, ಅಪಾಯ ಇಲ್ಲ. ಸಿಗರೇಟು ಬಿಟ್ಟ ಒಂದು ವರ್ಷಕ್ಕೆ ಹೃದಯದ ಕಾಯಿಲೆಯ ಅಪಾಯ ಸೇದುವವರದ್ದಕ್ಕಿಂತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಗಿಯುವವರಿಗೆ ಕನ್ನಡಿಯಲ್ಲಿ ಬಾಯಿ ನೋಡಿಕೊಳ್ಳಲು ಕಲಿಸಿ. ಮೂರು ವಾರಕ್ಕೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲು ಬರದಿರುವುದು, ಯಾವುದಿದ್ದರೂ ತೋರಿಸಲೇಬೇಕು.

ಸಂಚಾರಿ:
ನಮ್ಮ ಯೋಜನೆ ಪೂರ್ತಿ ಬದಲಾಯಿತು. ಈಗ ಹೀಗೆ ಅಂದುಕೊಂಡಿದ್ದೇವೆ. ಸಭೆ ಇಲ್ಲ. ಕೆಲಸ ಮುಗಿದ ಮೇಲೆ, ಗಂಡಸರು ಸೇರುವ ಜಾಗಕ್ಕೆ ನಾವೇ ಹೋಗುವುದು. ಮೊದಲ ಭೇಟಿಯಲ್ಲಿ ಹಾವು ಮತ್ತು ಕೀಟನಾಶಕ, ಜೊತೆಗೆ ಆಸ್ಪತ್ರೆ ಮತ್ತು ಗಾಡಿಯ ಹಾಳೆ. ಅದನ್ನು ಬರೆದು ಇಟ್ಟುಕೊಳ್ಳುವ ಜವಾಬ್ದಾರಿ ಊರಿನ ಇಬ್ಬರು ಗಂಡಸರಿಗೆ. ಮಾತಿನ ನಡುವೆ ಬಿಪಿ. ಹೋಗುವಾಗ ಚೀಟಿ ಡಬ್ಬ ಇಟ್ಟು ಬರುವುದು, ಎರಡನೇ ಭೇಟಿಗೆ ಉತ್ತರ.

ಒಂದು ಭಯ ಉಳಿದಿದೆ. ಯಾರಿಗಾದರೂ 190, 200 ಬಂದರೆ? ನಮ್ಮ ಹತ್ತಿರ ಮಾತ್ರೆ ಇಲ್ಲ.

ನೈಟ್‌ಡ್ಯೂಟಿ:
ಮೇಲಿನದು 180 ಅಥವಾ ಕೆಳಗಿನದು 120 ದಾಟಿದ್ದು, ಜೊತೆಗೆ ಎದೆನೋವು, ಉಸಿರಾಟ ಕಷ್ಟ, ಮಾತು ತೊದಲುವುದು, ಒಂದು ಕಡೆ ಕೈಕಾಲು ಬಲ ಇಲ್ಲದಿರುವುದು, ಕಣ್ಣು ಮಂಜಾಗುವುದು ಇದರಲ್ಲಿ ಒಂದಿದ್ದರೂ ಅದು ತುರ್ತು, ಆಗಲೇ ಆಸ್ಪತ್ರೆಗೆ. ಲಕ್ಷಣ ಏನೂ ಇಲ್ಲದಿದ್ದರೆ ಗಾಬರಿ ಮಾಡಬೇಡಿ. ಸ್ವಲ್ಪ ಹೊತ್ತು ಕೂರಿಸಿ ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಒಂದೆರಡು ದಿನದೊಳಗೆ ವೈದ್ಯರನ್ನು ನೋಡಲೇಬೇಕು. ಬೇರೆಯವರ ಮಾತ್ರೆ ಎರವಲು ತಂದು ಕೊಡುವುದು ಬೇಡ. ಮೊದಲೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ "ಇಂಥ ದಿನ ಇಷ್ಟು ಜನರನ್ನು ಕಳಿಸಬಹುದು, ಮಾತ್ರೆ ಇದೆಯಾ, ಬೆಳಗ್ಗೆ ಬೇಗ ಅಥವಾ ಸಂಜೆ ನೋಡುತ್ತೀರಾ" ಅಂತ ಮಾತಾಡಿ. ಅವರು ಒಪ್ಪಿದ ಮೇಲೆಯೇ ಹಳ್ಳಿಗೆ ದಿನಾಂಕ ಕೊಡಿ. ಮತ್ತೆ ತೋಳಿಗೆ ಸುತ್ತುವ ಪಟ್ಟಿ ಎರಡು ಸೈಜಿನದು ಇಟ್ಟುಕೊಳ್ಳಿ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಇಲ್ಲದ ಬಿಪಿ ತೋರಿಸುತ್ತದೆ.

ಲೆಕ್ಕಪುಸ್ತಕ:
ವರದಿ ಬರೆಯುವಾಗ "ಇಷ್ಟು ಜನ ಭಾಗವಹಿಸಿದರು" ಅಂತ ಬರೆಯಬೇಡಿ. ಬಿಪಿ ಜಾಸ್ತಿ ಇದ್ದವರಲ್ಲಿ ಎಷ್ಟು ಜನ ಎರಡನೇ ಸಲ ತೋರಿಸಿದರು, ಆರು ತಿಂಗಳ ಮೇಲೂ ಎಷ್ಟು ಜನ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಅದನ್ನು ಬರೆಯಿರಿ. ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ, ಪರವಾಗಿಲ್ಲ.

ಗದ್ದೆಬದು:
ದಿನಾಂಕ ಇಡುವಾಗ ಬಿತ್ತನೆ, ಕೊಯ್ಲು ಎರಡೂ ತಪ್ಪಿಸಿ. ಔಷಧಿ ಹೊಡೆಯುವ ಕಾಲ ಶುರುವಾಗುವುದಕ್ಕೆ ಒಂದು ವಾರ ಮುಂಚೆ ಬನ್ನಿ, ಆಗ ಹೇಳಿದ್ದು ಕೆಲಸಕ್ಕೆ ಬರುತ್ತದೆ. ಕೈಗವಸು ನಾಲ್ಕು ಜೊತೆ ತಂದಿರಿ, ಹಾಕಿಕೊಂಡು ಬೆರೆಸಿ ತೋರಿಸುವುದಕ್ಕೆ. ಬರೀ ಚಿತ್ರ ತೋರಿಸಬೇಡಿ.

ಸಂಚಾರಿ:
ಆಯ್ತು ಅಣ್ಣ. ನಾಳೆ ಆರೋಗ್ಯ ಕೇಂದ್ರದವರನ್ನು ನೋಡಲು ಹೋಗುತ್ತಿದ್ದೇವೆ. ವಿಷನಿರೋಧಕ ಎಲ್ಲಿ ಸಿಗುತ್ತದೆ ಅನ್ನುವುದನ್ನೂ ಅವರ ಹತ್ತಿರವೇ ಕೇಳುತ್ತೇವೆ. ಏನಂದರು ಅಂತ ಇಲ್ಲೇ ಬರೆಯುತ್ತೇನೆ.